ಅರ್ಧಸತ್ಯಕ್ಕೆ ಧರ್ಮರಾಯನ ಬಾಯಿ

ಕಳೆದ ಸೋಮವಾರ ಬೆಳಿಗ್ಗೆ ವೃದ್ಧ ಗೃಹಸ್ಥರೊಬ್ಬರು ನಮ್ಮ ಕಚೇರಿಗೆ ದಯಮಾಡಿಸಿದರು. ೩೩ ವರ್ಷಗಳ ಕಾಲ ಮಕ್ಕಳಿಗೆ ಗಣಿತವನ್ನು ಬೋಧಿಸಿ ಈಗ ವಿಶ್ರಾಂತಿವೇತನ ಪಡೆಯುತ್ತಿರುವ ಉಪಾಧ್ಯಾಯರು; ಕುಮಾರಸ್ವಾಮಿ ಲೇಔಟಿನಲ್ಲಿ, ಶಾವಿಗೆ ಮಲ್ಲೇಶ್ವರ ಬೆಟ್ಟದ ಇಳಿಜಾರಿನ ಬಾಡಿಗೆಯ ಮನೆಯೊಂದರಲ್ಲಿ ವಾಸವಾಗಿರುವವರು; ನಮ್ಮ ಪತ್ರಿಕೆಯ ಬಹುಕಾಲದ ಚಂದಾದಾರರು. ಕುಶಲಪ್ರಶ್ನೆಯಾದ ತರುವಾಯ ಅವರು ಕೈಚೀಲದಿಂದ ನಮ್ಮ ಪತ್ರಿಕೆಯದೇ ಒಂದು ತುಣುಕನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ನಿವೇಶನಗಳ ವಿಕ್ರಯದ ಜಾಹೀರಾತು. "ಸ್ವಾಮಿ, ಇದರಲ್ಲಿ ಐದು ಮಾತುಗಳಿವೆ. ಐದರಲ್ಲಿ ಸುಳ್ಳು ಯಾವುದೆಂದು ತಾವು ತೋರಿಸಿಕೊಡಬೇಕು" ಎಂದರು. ನಾವು ಅವರ ಕಾಗದಪತ್ರಗಳನ್ನೆಲ್ಲ ಮುಂದಿಟ್ಟುಕೊಂಡು ಒಂದೊಂದು ಮಾತನ್ನೂ ಒರೆಹಚ್ಚಿ ನೋಡಿದೆವು. ಒಂದೂ ಸುಳ್ಳಲ್ಲ. ಆದರೆ ಆ ಐದು ನಿಜಗಳನ್ನು ನಂಬಿ ಆ ಸಾಧುಗಳು ತಮ್ಮ ನಿವೃತ್ತಿಯ ಹಣದ ಬಹುಭಾಗವನ್ನು ಸಿಕ್ಕಿನಲ್ಲಿ ಸಿಕ್ಕಿಸಿಕೊಂಡಿದ್ದಾರೆ.

ಆ ಐದು ಮಾತುಗಳಾವುವೆಂಬುದನ್ನು ವಾಚಕರು ತಿಳಿಯತಕ್ಕದ್ದು. ಮೊದಲನೆಯದು, ಕುಮಾರಸ್ವಾಮಿ ಲೇಔಟಿನಿಂದ ೧೫ ನಿಮಿಷದ ದಾರಿ ಎಂಬುದು. ಬೆಳಗಿನ ಜಾವ ಐದು ಗಂಟೆಗೆ, ಕನಕಪುರದ ರಸ್ತೆಯಲ್ಲಿ ನರಪಿಳ್ಳೆಯೂ ಇಲ್ಲದಾಗ, ಮೋಟಾರಿನಲ್ಲಿ ಹೊರಟರೆ ಅದು ನಿಜ. ಕಚೇರಿಗೆ ಹೋಗುವ ವೇಳೆಯಲ್ಲಿ ಅದಕ್ಕೆ ಒಂದು ಗಂಟೆಯೂ ಸಾಲದು. ಎರಡನೆಯದು, ಭೂಪರಿವರ್ತನೆಯಾದ ಸರ್ವೆ ನಂಬರು ಎಂಬುದು. ಆ ಸರ್ವೆ ನಂಬರಿನ ಒಂದು ಭಾಗಕ್ಕೆ ಪರಿವರ್ತನೆಯ ಆಜ್ಞೆ ದೊರೆತಿರುವುದು ನಿಜ. ಉಪಾಧ್ಯಾಯರ ನಿವೇಶನವಿರುವುದು ಮಿಕ್ಕ ಭಾಗದಲ್ಲಿ. ಮೂರನೆಯದು, ಖಾತಾ ಉಂಟು ಎಂಬುದು. ಉಂಟು, ಅದು ಬಿ ಖಾತಾ. ನಾಲ್ಕನೆಯದು, ಕೂಡಲೇ ನೋಂದಣಿ ಎಂಬುದು. ಕ್ರಯಪತ್ರವು ಹೇಳಿದ ದಿನವೇ ನೋಂದಣಿಯಾಯಿತು. ಐದನೆಯದು, ಸಾಲದ ಸೌಕರ್ಯವುಂಟು ಎಂಬುದು. ಅವರು ವಿಶ್ರಾಂತಿವೇತನ ಪಡೆಯುವ ಬ್ಯಾಂಕಿನವರು ಕಾಗದಗಳನ್ನು ನೋಡಿ ಹಿಂದಕ್ಕೆ ಕೊಟ್ಟರು. ಸಾಲ ಕೊಡಲು ಸಿದ್ಧವಾದ ಬೇರೊಂದು ಸಂಸ್ಥೆಯಿರುವುದು ನಿಜ, ಅದರ ಬಡ್ಡಿಯು ಮಾತ್ರ ಉಪಾಧ್ಯಾಯರ ಆದಾಯಕ್ಕೆ ಎಟುಕುವಂಥದಲ್ಲ. ಹೀಗೆ ಐದು ನಿಜಗಳು ಕೂಡಿ ಒಂದು ದೊಡ್ಡ ಸುಳ್ಳಾದುವು. ಗಣಿತವನ್ನು ಬಲ್ಲ ಆ ಮಹನೀಯರು, "ಕೂಡಿಸುವ ಲೆಕ್ಕದಲ್ಲಿ ನಾನು ಎಂದೂ ಇಂಥ ಮೊತ್ತವನ್ನು ಕಂಡಿರಲಿಲ್ಲ" ಎಂದು ನಕ್ಕರು. ಆ ನಗೆ ನಮ್ಮನ್ನು ಇನ್ನೂ ಕಾಡುತ್ತಿದೆ.

ಅರ್ಧಸತ್ಯವೆಂದರೆ ಇದೇ. ಸುಳ್ಳೆಂಬುದು ನೀರಿದ್ದಂತೆ, ನೀರನ್ನು ನೀರೆಂದು ತಂದರೆ ಯಾರೂ ಹಾಲಿನ ಬೆಲೆಯನ್ನು ಕೊಡುವುದಿಲ್ಲ. ಹಾಲಿನಲ್ಲಿ ಬೆರೆಸಿದ ಕ್ಷಣ ಅದಕ್ಕೆ ಹಾಲಿನ ಬಣ್ಣವೂ ಬರುತ್ತದೆ, ಹಾಲಿನ ಬೆಲೆಯೂ ಬರುತ್ತದೆ. ಶುದ್ಧ ಸುಳ್ಳನ್ನು ಹೇಳಿದವನನ್ನು ಒಂದಲ್ಲ ಒಂದು ದಿನ ಹಿಡಿಯಬಹುದು. ಅರ್ಧಸತ್ಯವನ್ನು ಹೇಳಿದವನನ್ನು ಹಿಡಿಯಹೋದರೆ ಅವನು ತನ್ನ ಮಾತಿನ ಅರ್ಧವನ್ನು ಗುರಾಣಿಯಂತೆ ಹಿಡಿದು ನಿಲ್ಲುತ್ತಾನೆ: "ನಾನು ಹೇಳಿದ್ದರಲ್ಲಿ ಯಾವುದು ಸುಳ್ಳು?" ಎಂದು ನಮ್ಮನ್ನೇ ಕೇಳುತ್ತಾನೆ. ಸತ್ಯವನ್ನೇ ತನ್ನ ಕಡೆಯ ಸಾಕ್ಷಿಯನ್ನಾಗಿ ಕಟಕಟೆಗೆ ಕರೆತರುವ ಅಸತ್ಯವಾದುದರಿಂದಲೇ ಇದು ಸುಳ್ಳಿಗಿಂತ ಹೆಚ್ಚು ಅಪಾಯಕರವಾದುದು.

ಆದಾಗ್ಯೂ ಇಲ್ಲಿ ಒಂದು ಆಕ್ಷೇಪಣೆಗೆ ಸಮಾಧಾನ ಹೇಳುವುದು ಅವಶ್ಯವಾಗಿದೆ. ಲೋಕದಲ್ಲಿ ಯಾರು ತಾನೆ ಎಲ್ಲವನ್ನೂ ಹೇಳುತ್ತಾರೆ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಗಾದೆಯನ್ನು ಕಟ್ಟಿದವರು ನಮ್ಮ ಹಿರಿಯರೇ ಅಲ್ಲವೆ? ರೋಗಿಯ ಮುಂದೆ ವೈದ್ಯನು ಎಲ್ಲವನ್ನೂ ಒಮ್ಮೆಗೇ ನುಡಿಯುವುದಿಲ್ಲ. ಮೂರು ಗಂಟೆಗಳ ಸಭೆಯ ವರದಿಯನ್ನು ನಾವು ಅರ್ಧ ಕಾಲಮಿನಲ್ಲಿ ಮುಗಿಸುತ್ತೇವೆ. ಇವೆಲ್ಲವೂ ಅರ್ಧಸತ್ಯಗಳೇ ಎಂದು ಕೇಳುವವರುಂಟು. ಅಲ್ಲವೆಂದು ನಮ್ಮ ಮತ. ಹೇಳದೆ ಬಿಟ್ಟುದೆಲ್ಲವೂ ವಂಚನೆಯಲ್ಲ. ಬಿಟ್ಟ ಭಾಗವನ್ನು ಕೇಳಿದ್ದರೆ ಕೇಳುವವನ ನಿಶ್ಚಯವು ಬದಲಾಗುತ್ತಿತ್ತೇ, ಮತ್ತು ಬದಲಾದೀತೆಂದು ಬಲ್ಲುದರಿಂದಲೇ ಹೇಳುವವನು ಅದನ್ನು ಬಿಟ್ಟನೇ ಎಂಬ ಎರಡು ಪ್ರಶ್ನೆಗಳೇ ಇಲ್ಲಿಯ ಒರೆಗಲ್ಲು. ಹುಡುಗನಿಗೆ ಸ್ವಲ್ಪ ಕೋಪವೆಂಬುದನ್ನು ಮರೆಸಿದರೆ ಅದು ಮದುವೆಮನೆಯ ಮಾತು. ಹುಡುಗನಿಗೆ ಸರ್ಕಾರದ ಕಚೇರಿಯಲ್ಲಿ ಕೆಲಸವೆಂದು ಹೇಳಿ, ಅದು ೧೧ ತಿಂಗಳ ಗುತ್ತಿಗೆಯ ಕೆಲಸವೆಂಬುದನ್ನು ನುಂಗಿಕೊಂಡರೆ ಅದು ಒಂದು ಹೆಣ್ಣಿನ ಬಾಳಿನೊಡನೆ ಆಡಿದ ಜೂಜು.

ಈ ವಿಷಯದಲ್ಲಿ ನಮ್ಮ ದೇಶದವರಿಗೆ ತಿಳಿಯದ ಸಂಗತಿ ಯಾವುದೂ ಇಲ್ಲ. ಕುರುಕ್ಷೇತ್ರದ ಹದಿನೈದನೆಯ ದಿನದ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕೇಳಿರುವೆವು. ಅಶ್ವತ್ಥಾಮನೆಂಬ ಆನೆ ಸತ್ತಿತು. ದ್ರೋಣಾಚಾರ್ಯರು ಮಗನೇ ಸತ್ತನೆಂದು ತಿಳಿದು ಶಸ್ತ್ರವನ್ನು ತ್ಯಜಿಸಿದರು. ಕಥೆ ಇಷ್ಟೇ ಎಂದು ತಿಳಿದಿರುವ ನಾವು ಅದರಲ್ಲಿರುವ ಎರಡು ಸೂಕ್ಷ್ಮಗಳನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಒಂದನೆಯದಾಗಿ, ಆ ಆನೆ ತಾನಾಗಿ ಸತ್ತುದಲ್ಲ. ತಮ್ಮ ಪಕ್ಷದವನೇ ಆದ ಮಾಳವದ ಇಂದ್ರವರ್ಮನ ಆನೆಯನ್ನು ಭೀಮಸೇನನು ಕೊಂದನು. ಹೇಳುವ ಮಾತು ಅಕ್ಷರಶಃ ಸುಳ್ಳಾಗಬಾರದೆಂಬುದೇ ಅದರ ಉದ್ದೇಶ. ಅಂದರೆ ಅರ್ಧಸತ್ಯವೆಂಬುದು ಬಾಯಿತಪ್ಪಿ ಬಂದ ಮಾತಲ್ಲ. ಮುಂದಾಗಿ ಸಿದ್ಧಮಾಡಿಟ್ಟ ಒಂದು ಚಿಕ್ಕ ಸತ್ಯ ಅದಕ್ಕೆ ಬೇಕು. ಬಿ ಖಾತೆಯೂ ನಮ್ಮ ಕಾಲದ ಇಂಥದೊಂದು ಆನೆಯೇ. ಕಾನೂನಿಗೆ ಹೊರತಾಗಿ ಎದ್ದ ಸ್ವತ್ತುಗಳಿಂದಲೂ ತೆರಿಗೆ ಬರಲಿ ಎಂದು ಪಾಲಿಕೆಯವರು ಪ್ರತ್ಯೇಕ ವಹಿಯೊಂದನ್ನು ಇಟ್ಟರು. ತೆರಿಗೆಯನ್ನು ಪಡೆದ ಮಾತ್ರಕ್ಕೆ ಆ ಸ್ವತ್ತು ಸಕ್ರಮವಾಗುವುದಿಲ್ಲವೆಂಬುದನ್ನು ಕಾನೂನೇ ಹೇಳಿದೆ. ಮಾರುವವನು ಆ ವಹಿಯಲ್ಲಿ ಹೆಸರನ್ನು ಬರೆಯಿಸುವುದು ತೆರಿಗೆಯ ಮೇಲಿನ ಪ್ರೀತಿಯಿಂದಲ್ಲ. ಖಾತಾ ಉಂಟು ಎಂಬ ಎರಡು ಪದಗಳು ಸುಳ್ಳಾಗದಿರಲಿ ಎಂದು.

ಎರಡನೆಯ ಸೂಕ್ಷ್ಮವು ಇದಕ್ಕಿಂತಲೂ ಗಹನವಾದುದು. ಭೀಮನು ಕೂಗಿ ಹೇಳಿದಾಗ ದ್ರೋಣರು ಪೂರ್ತಿಯಾಗಿ ನಂಬಲಿಲ್ಲ. ಮೂರು ಲೋಕಗಳ ಒಡೆತನವೇ ಬರುವುದಾದರೂ ಸುಳ್ಳಾಡನೆಂದು ಖ್ಯಾತನಾದ ಧರ್ಮರಾಯನನ್ನು ಅವರು ಹುಡುಕಿಕೊಂಡು ಕೇಳಿದರು. ಮಾತು ಭೀಮನದೇ ಆದರೂ ಬಾಯಿ ಧರ್ಮರಾಯನದಾಗಬೇಕಾಯಿತು. ಆನೆ ಎಂಬ ಮಾತನ್ನು ಅವನು ಕೇಳಿಸದಂತೆ ನುಡಿದನು. ಆವರೆಗೆ ನೆಲದಿಂದ ನಾಲ್ಕು ಅಂಗುಲ ಮೇಲೆ ನಡೆಯುತ್ತಿದ್ದ ಅವನ ರಥವು ಆ ಗಳಿಗೆಯಲ್ಲಿ ನೆಲವನ್ನು ಮುಟ್ಟಿತು. ಸ್ವರ್ಗಕ್ಕೆ ಹೋದಾಗಲೂ ಅವನಿಗೆ ಒಂದು ಗಳಿಗೆ ನರಕದರ್ಶನ ತಪ್ಪಲಿಲ್ಲ; ದ್ರೋಣರನ್ನು ವ್ಯಾಜದಿಂದ ವಂಚಿಸಿದ್ದಕ್ಕಾಗಿ ವ್ಯಾಜದಿಂದಲೇ ಅದನ್ನು ತೋರಿಸಬೇಕಾಯಿತೆಂದು ದೇವೇಂದ್ರನೇ ಅವನಿಗೆ ಹೇಳಿದನು. ಸುಳ್ಳುಗಾರನ ಬಾಯಲ್ಲಿ ಅರ್ಧಸತ್ಯಕ್ಕೆ ಬೆಲೆಯಿಲ್ಲ. ಅದು ಬದುಕುವುದು ಸತ್ಯವಂತರ ಮೇಲಿನ ನಂಬಿಕೆಯನ್ನು ಸಾಲ ತಂದು. ಆದುದರಿಂದ ಅರ್ಧಸತ್ಯದ ವಿಷಯದಲ್ಲಿ ಮೊದಲು ಎಚ್ಚರದಿಂದಿರಬೇಕಾದವರು ಜನರ ನಂಬಿಕೆಗೆ ಪಾತ್ರರಾದವರೇ.

ಹಾಗಾದರೆ ಈ ನಗರದಲ್ಲಿ ಧರ್ಮರಾಯನ ಬಾಯಿ ಯಾರದು? ಮೊಟ್ಟಮೊದಲಿಗೆ ಸರ್ಕಾರದ ಮೊಹರು. ಸರ್ಕಾರದ ಮೊಹರು ಬಿದ್ದ ಕಾಗದವನ್ನು ನಮ್ಮ ಜನ ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಳ್ಳುತ್ತಾರೆ. ಆದರೆ ಆ ಕಾಗದಗಳು ಹೇಳುವುದೆಷ್ಟು? ೧೯೦೮ರ ನೋಂದಣಿ ಕಾಯಿದೆಯ ಮೇರೆಗೆ ಸಬ್ ರಿಜಿಸ್ಟ್ರಾರ್ ಅವರು ಮುಖ್ಯವಾಗಿ ನೋಡುವುದು ಪತ್ರವನ್ನು ಬರೆದುಕೊಟ್ಟವರು ಇವರೇ ಹೌದೆ ಎಂಬುದನ್ನು. ಮಾರುವವನಿಗೆ ಆ ಭೂಮಿಯ ಮೇಲೆ ಹಕ್ಕಿದೆಯೆಂದು ಅವರು ಜಾಮೀನು ನಿಲ್ಲುವುದಿಲ್ಲ. ಋಣಭಾರ ಪ್ರಮಾಣಪತ್ರವು ನಾವು ಕೇಳಿದ ವರ್ಷಗಳೊಳಗೆ ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ಹೇಳುತ್ತದೆ. ನ್ಯಾಯಾಲಯದಲ್ಲಿರುವ ದಾವೆಯಾಗಲಿ, ನೋಂದಣಿಯಾಗದ ಕರಾರಾಗಲಿ, ಅಣ್ಣತಮ್ಮಂದಿರ ಪಾಲಿನ ತಕರಾರಾಗಲಿ ಅದರಲ್ಲಿ ಕಾಣದು. ಖಾತೆಯು ತೆರಿಗೆ ಕಟ್ಟುವವರ ಹೆಸರನ್ನು ಹೇಳುವುದೇ ಹೊರತು ಒಡೆಯನನ್ನು ನಿರ್ಣಯಿಸುವುದಿಲ್ಲ. ಜನರಲ್ ಪವರ್ ಆಫ್ ಅಟಾರ್ನಿಯ ಮೂಲಕ ಮಾಡಿದ ಮಾರಾಟದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟಿನವರು ೨೦೧೧ರ ಅಕ್ಟೋಬರಿನಲ್ಲಿಯೇ ಸ್ಪಷ್ಟವಾಗಿ ಸಾರಿದರು. ಪ್ರತಿಯೊಂದು ಕಾಗದವೂ ತನ್ನ ಮಟ್ಟಿಗೆ ನಿಜವನ್ನೇ ನುಡಿಯುತ್ತದೆ. ಎಲ್ಲವನ್ನೂ ಒಂದು ಕಡತಕ್ಕೆ ಪೋಣಿಸಿ ಮುಂದಿಟ್ಟಾಗ ಮಾತ್ರ ಯಾವ ಕಾಗದವೂ ಹೇಳದ ಮಾತೊಂದು ಕೊಳ್ಳುವವನ ಕಿವಿಗೆ ಕೇಳಿಸುತ್ತದೆ: "ಎಲ್ಲವೂ ಸರಿಯಾಗಿದೆ."

ನಮ್ಮ ವಾಚಕರಲ್ಲಿ ಅನೇಕರು ಅಧಿಕಾರಿಗಳು. ಅವರಲ್ಲಿ ನಮ್ಮದೊಂದು ವಿಜ್ಞಾಪನೆ. ಅರ್ಜಿ ಹಾಕಿದವನಿಗೆ "ಈ ಕಚೇರಿಯ ದಾಖಲೆಗಳಲ್ಲಿ ಯಾವ ತಕರಾರೂ ಬಾಕಿ ಇರುವುದಿಲ್ಲ" ಎಂದು ಹಿಂಬರಹ ಕೊಡುವಾಗ, ಅದೇ ಸ್ವತ್ತಿನ ತಕರಾರು ಮತ್ತೊಂದು ಕಚೇರಿಯಲ್ಲಿರುವುದು ತಿಳಿದಿದ್ದರೆ ಆ ಒಂದು ಸಾಲನ್ನೂ ಬರೆಯುವುದರಿಂದ ಯಾವ ನಿಯಮವೂ ಭಂಗವಾಗದು. ಕೇಳಿದ್ದಕ್ಕೆ ಮಾತ್ರ ಉತ್ತರವೆಂಬುದು ಕಚೇರಿಯ ಪದ್ಧತಿಯಿರಬಹುದು. ಕೇಳಬೇಕಾದ್ದೇನೆಂಬುದು ತಿಳಿಯದವನೇ ಬಹುತೇಕ ಕಚೇರಿಯ ಬಾಗಿಲಿಗೆ ಬರುವುದು.

ಇನ್ನು ಕಾನೂನು ಏನನ್ನುತ್ತದೆ? ಅದು ಅರ್ಧಸತ್ಯವನ್ನು ಬಹುಕಾಲದಿಂದ ಬಲ್ಲುದು. ಸಾಕ್ಷಿಗಳಿಗೆ ೧೯೬೯ರ ಪ್ರಮಾಣವಚನಗಳ ಕಾಯಿದೆಯಲ್ಲಿ ವಿಧಿಸಿರುವ ಪ್ರತಿಜ್ಞೆಯಲ್ಲಿ ಸತ್ಯವನ್ನು ಹೇಳುವುದು, ಪೂರ್ಣವಾಗಿ ಹೇಳುವುದು, ಸತ್ಯವಲ್ಲದುದನ್ನು ಹೇಳದಿರುವುದು ಎಂದು ಮೂರು ಬೇರೆ ಬೇರೆ ಕಟ್ಟುಗಳಿವೆ. ನಾವು ಅಚ್ಚುಮಾಡಿದ ಆ ಜಾಹೀರಾತು ಮೊದಲನೆಯ ಮತ್ತು ಮೂರನೆಯ ಕಟ್ಟುಗಳನ್ನು ದಾಟಿ, ನಡುವಣ ಕಟ್ಟಿನಲ್ಲಿ ಬಿದ್ದಿತು. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ೫೫ನೆಯ ಪ್ರಕರಣದಂತೆ, ಮಾರುವವನು ತನಗೆ ತಿಳಿದಿರುವ, ಕೊಳ್ಳುವವನಿಗೆ ತಿಳಿಯದಿರುವ ಮುಖ್ಯ ದೋಷಗಳನ್ನು ತಿಳಿಸತಕ್ಕದ್ದು. ಆದರೆ ಅದೇ ಪ್ರಕರಣವು, ಸಾಮಾನ್ಯ ಎಚ್ಚರದಿಂದ ಕೊಳ್ಳುವವನು ತಾನೇ ಕಂಡುಕೊಳ್ಳಬಹುದಾದ ದೋಷಕ್ಕೆ ಈ ಹೊಣೆಯನ್ನು ವಿಧಿಸುವುದಿಲ್ಲ. ಬಿ ಖಾತೆಯನ್ನು ಮುಚ್ಚಿಟ್ಟವನು ಹಿಡಿಯುವುದು ಈ ಎಳೆಯನ್ನೇ: ಕಾಗದವನ್ನು ಕೈಗೇ ಕೊಟ್ಟಿದ್ದೆನು, ಓದಿಕೊಳ್ಳಬಹುದಾಗಿತ್ತು ಎನ್ನುತ್ತಾನೆ.

ಕೊಳ್ಳುವವರಿಗೆ ಆಯುಧವಾಗಬಲ್ಲ ಒಂದು ಸಂಗತಿ ೧೮೭೨ರ ಕರಾರು ಕಾಯಿದೆಯ ೧೭ನೆಯ ಪ್ರಕರಣದಲ್ಲಿದೆ. ಬರಿಯ ಮೌನವು ಸಾಮಾನ್ಯವಾಗಿ ವಂಚನೆಯಲ್ಲವೆಂದು ಅದು ಹೇಳುತ್ತದೆ. ಕುದುರೆಯ ವ್ಯಾಪಾರದ ದೃಷ್ಟಾಂತವನ್ನೂ ಕೊಡುತ್ತದೆ. ಕುದುರೆಗೆ ರೋಗವಿರುವುದನ್ನು ಬಲ್ಲವನು ಸುಮ್ಮನೆ ಮಾರಿದರೆ ಅದು ವಂಚನೆಯಾಗದು. ಆದರೆ ಕೊಳ್ಳುವವನು, "ನೀನು ಇಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದೇ ತಿಳಿಯುತ್ತೇನೆ" ಎಂದಾಗಲೂ ಮಾರುವವನು ಸುಮ್ಮನಿದ್ದರೆ, ಆ ಮೌನವೇ ಮಾತಿಗೆ ಸಮ. ಪೂರ್ವಕಾಲದ ಈ ಕುದುರೆಯಿಂದ ಇಂದಿನ ನಿವೇಶನದವರು ಕಲಿಯತಕ್ಕದ್ದಿದೆ. ಮುಂಗಡವನ್ನು ಕೊಡುವ ಮುನ್ನ, "ಈ ಸ್ವತ್ತು ಎ ಖಾತೆಯದೆಂದೂ, ಇದೇ ನಿವೇಶನಕ್ಕೆ ಭೂಪರಿವರ್ತನೆಯಾಗಿದೆಯೆಂದೂ, ದಾವೆಯಿಲ್ಲವೆಂದೂ ತಿಳಿದಿದ್ದೇನೆ, ಹಾಗಲ್ಲವಾದರೆ ತಿಳಿಸತಕ್ಕದ್ದು" ಎಂದು ಒಂದು ಕಾಗದವನ್ನು ಬರೆದು ಕಳುಹಿಸಿ, ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ಅರ್ಧಸತ್ಯವು ಅಡಗಿಕೊಳ್ಳುವುದು ಮೌನದಲ್ಲಿ. ಆ ಮೌನಕ್ಕೇ ಅರ್ಥವನ್ನು ಕಟ್ಟಿದರೆ ಅದಕ್ಕೆ ನಿಲ್ಲಲು ನೆಲೆಯಿರುವುದಿಲ್ಲ.

ಈಚಿನ ಕಾಯಿದೆಗಳು ಇನ್ನೂ ಮುಂದೆ ಹೋಗಿವೆ. ೨೦೧೬ರ ರೇರಾ ಕಾಯಿದೆಯು ಮಹಡಿಮನೆಗಳ ಅಳತೆಯಲ್ಲಿದ್ದ ಅರ್ಧಸತ್ಯವೊಂದನ್ನು ಹಿಡಿಯಿತು. ಮೆಟ್ಟಿಲು, ಲಿಫ್ಟು, ಓಡುದಾರಿಗಳಲ್ಲಿಯ ಪಾಲನ್ನೆಲ್ಲ ಸೇರಿಸಿ ಹೇಳುತ್ತಿದ್ದ ದೊಡ್ಡ ಅಳತೆಗೆ ಬದಲಾಗಿ, ಗೋಡೆಗಳ ಒಳಗೆ ಬಳಸಲು ದೊರೆಯುವ ಕಾರ್ಪೆಟ್ ವಿಸ್ತೀರ್ಣವನ್ನು ತಿಳಿಸಬೇಕೆಂದು ವಿಧಿಸಿತು. ಜಾಹೀರಾತಿನ ತಪ್ಪು ವಿವರವನ್ನು ನಂಬಿ ಹಣ ಕೊಟ್ಟು ನಷ್ಟಪಟ್ಟವರಿಗೆ ಪರಿಹಾರವನ್ನೂ ಕಲ್ಪಿಸಿತು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ಮುಖ್ಯ ಸಂಗತಿಯನ್ನು ಬುದ್ಧಿಪೂರ್ವಕವಾಗಿ ಮರೆಮಾಚುವ ಜಾಹೀರಾತನ್ನೂ ದಾರಿತಪ್ಪಿಸುವ ಜಾಹೀರಾತೆಂದೇ ಕರೆದು, ೧೦ ಲಕ್ಷ ರೂಪಾಯಿಗಳವರೆಗೆ ದಂಡವನ್ನು ಇಟ್ಟಿದೆ. ಹೇಳಿದುದಕ್ಕೆ ಮಾತ್ರವಲ್ಲದೆ ಹೇಳದೆ ಬಿಟ್ಟುದಕ್ಕೂ ದಂಡವೆಂಬ ಈ ತತ್ತ್ವವು ಅತ್ಯಂತ ನ್ಯಾಯವಾದುದು.

ಪೂರ್ಣಸತ್ಯವನ್ನು ಬೋಧಿಸುವ ನಾವು ಮಾರುವವರ ಕಡೆಯ ಅರ್ಧವನ್ನು ನುಂಗಬಾರದು. ಬಿ ಖಾತೆಯ ಸ್ವತ್ತೆಲ್ಲವೂ ಕಳ್ಳಮಾಲಲ್ಲ. ಯೋಗ್ಯವಾದ ಬೆಲೆಯಲ್ಲಿ ಮನೆ ಕಟ್ಟಿಕೊಳ್ಳಲು ಸಕ್ರಮ ನಿವೇಶನಗಳು ದೊರೆಯದೆ ಹೋದುದರಿಂದಲೇ ಬಹಳ ಮಂದಿ ಪ್ರಾಮಾಣಿಕರು ಅಂಥ ಕಡೆ ಹೋಗಿ ನೆಲೆಸಿದರು. ಸರ್ಕಾರದವರು ೨೦೨೫ರಲ್ಲಿ ಇವುಗಳನ್ನು ಶುಲ್ಕ ಪಡೆದು ಎ ಖಾತೆಗೆ ಬದಲಾಯಿಸುವ ಯೋಜನೆಯನ್ನು ಪ್ರಕಟಿಸಿದ್ದಾರೆ. ಬಿ ಖಾತೆಯನ್ನು ಬಿ ಖಾತೆಯೆಂದು ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರುವವನೊಡನೆ ನಮಗೆ ಯಾವ ಜಗಳವೂ ಇಲ್ಲ. ಒಂದೇ ಒಂದು ಅಕ್ಷರವನ್ನು ನುಂಗಿ ಎ ಖಾತೆಯ ಬೆಲೆಯನ್ನು ಪಡೆಯುವವನೊಡನೆ ನಮ್ಮ ಜಗಳ.

ಕಡೆಯದಾಗಿ ನಮ್ಮ ಮಾತು. ಧರ್ಮರಾಯನ ಬಾಯಿಗಳಲ್ಲಿ ಎರಡನೆಯದು ವೃತ್ತಪತ್ರಿಕೆ. ಆ ಉಪಾಧ್ಯಾಯರು ದಾರಿಬದಿಯ ಹಲಗೆಯನ್ನು ನೋಡಿ ಹಣ ಕೊಡಲಿಲ್ಲ. "ತಮ್ಮ ಪತ್ರಿಕೆಯಲ್ಲಿ ಬಂದಿತ್ತು, ಅದಕ್ಕೇ ನಂಬಿದೆ" ಎಂದರು. ಮಾರುವವನು ನಮ್ಮಿಂದ ಕೊಂಡದ್ದು ನಾಲ್ಕು ಅಂಗುಲ ಕಾಗದವನ್ನಲ್ಲ. ಅದರ ಸುತ್ತಲಿನ ಅಂಕಣಗಳು ಇಷ್ಟು ವರ್ಷಗಳಲ್ಲಿ ಗಳಿಸಿದ ನಂಬಿಕೆಯನ್ನು. ವ್ಯವಹಾರದ ಸಾಮಾನ್ಯ ಕ್ರಮದಲ್ಲಿ ಪ್ರಕಟಿಸಿದವನಿಗೆ ದಂಡವಿಲ್ಲವೆಂದು ಮೇಲೆ ಹೇಳಿದ ೨೦೧೯ರ ಕಾಯಿದೆಯೇ ನಮ್ಮಂಥವರಿಗೆ ರಕ್ಷಣೆ ಕೊಟ್ಟಿದೆ. ಆದುದರಿಂದ ಕಾನೂನಿನ ಮುಂದೆ ನಾವು ನಿರ್ದೋಷಿಗಳು. ಇದೂ ನಿಜವೇ, ಇದೂ ಅರ್ಧ ನಿಜವೇ. ಮಿಕ್ಕರ್ಧವೇನೆಂದರೆ, ಆ ಜಾಹೀರಾತಿನ ಹಣ ನಮ್ಮ ಲೆಕ್ಕದ ಪುಸ್ತಕದಲ್ಲಿ ಜಮೆಯಾಗಿದೆ, ಮತ್ತು ಅದನ್ನು ಪಡೆಯುವಾಗ ಖಾತಾ ಎಂದರೆ ಯಾವ ಖಾತಾ ಎಂದು ನಾವು ಕೇಳಲಿಲ್ಲ. ಮಹಾತ್ಮಾ ಗಾಂಧಿಯವರು ತಮ್ಮ 'ಯಂಗ್ ಇಂಡಿಯಾ', 'ನವಜೀವನ' ಪತ್ರಿಕೆಗಳಲ್ಲಿ ಮೊದಲಿನಿಂದಲೇ ಜಾಹೀರಾತುಗಳನ್ನು ಸ್ವೀಕರಿಸಲಿಲ್ಲ. ಅಷ್ಟು ದೂರ ನಡೆಯುವ ಶಕ್ತಿ ನಮಗಿಲ್ಲ. ಜಾಹೀರಾತಿಲ್ಲದೆ ನಮ್ಮ ಅಚ್ಚಿನ ಮನೆಯ ಸಂಬಳದ ದಿನ ಬಾರದು. ಆದರೆ ಕೇಳುವ ಶಕ್ತಿ ನಮಗುಂಟು.

ಆದಕಾರಣ ಮುಂದಿನ ತಿಂಗಳ ಒಂದನೆಯ ತಾರೀಖಿನಿಂದ ನಮ್ಮ ಪತ್ರಿಕೆಯಲ್ಲಿ ನಿವೇಶನ ಅಥವಾ ಮನೆಯ ವಿಕ್ರಯದ ಜಾಹೀರಾತು ಬರಬೇಕಾದರೆ ಐದು ವಿವರಗಳನ್ನು ಅದರಲ್ಲಿಯೇ ಕಾಣಿಸತಕ್ಕದ್ದೆಂದು ನಿಶ್ಚಯಿಸಿದ್ದೇವೆ: ಖಾತೆ ಎ ಆಗಿದೆಯೋ ಬಿ ಆಗಿದೆಯೋ, ಭೂಪರಿವರ್ತನೆಯ ಆಜ್ಞೆಯ ಸಂಖ್ಯೆ ಮತ್ತು ಅದು ಯಾವ ಭಾಗಕ್ಕೆ ಸಲ್ಲುವುದು, ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಟ್ಟ ಪ್ರಾಧಿಕಾರ, ರೇರಾ ನೋಂದಣಿ ಸಂಖ್ಯೆ, ಇಲ್ಲವಾದರೆ ಇಲ್ಲವೆಂಬ ಮಾತು, ದೂರವು ನಿಮಿಷಗಳಲ್ಲಲ್ಲದೆ ಕಿಲೋಮೀಟರುಗಳಲ್ಲಿ. ಈ ನಿಯಮದಿಂದ ನಮ್ಮ ಆದಾಯಕ್ಕೆ ಪೆಟ್ಟು ಬೀಳುವುದೆಂದು ನಮ್ಮ ಜಾಹೀರಾತು ವಿಭಾಗದವರು ಹೇಳಿದ್ದಾರೆ. ಅವರು ಹೇಳಿದ್ದು ಪೂರ್ಣಸತ್ಯವೆಂದು ನಾವು ನಂಬಿದ್ದೇವೆ.

ವಾಚಕ ಮಹಾಶಯರಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ. ಮೊಹರಿನ ಕಾಗದವೇ ಆಗಲಿ, ಮುಖಂಡರ ಭಾಷಣವೇ ಆಗಲಿ, ನಮ್ಮ ಪತ್ರಿಕೆಯೇ ಆಗಲಿ, ಯಾವ ಮಾತು ನಿಮ್ಮ ಕೈಯನ್ನು ಹಣದ ಕಡೆಗೋ ಮತದ ಕಡೆಗೋ ಎಳೆಯುತ್ತದೆಯೋ ಆ ಮಾತಿನ ಮುಂದೆ ಒಂದು ಗಳಿಗೆ ನಿಂತು, "ಇದು ನಿಜವೆ?" ಎಂದು ಕೇಳಿದ ಮೇಲೆ "ಮಿಕ್ಕದ್ದೇನು?" ಎಂದೂ ಕೇಳಿರಿ. ದ್ರೋಣಾಚಾರ್ಯರು ಮೊದಲನೆಯ ಪ್ರಶ್ನೆಯನ್ನು ಕೇಳಿದರು, ಎರಡನೆಯದನ್ನು ಕೇಳಲಿಲ್ಲ. ಅವರಿಗೆ ಕೇಳಿಸದೆ ಹೋದದ್ದು ಒಂದೇ ಒಂದು ಪದ.

ಆ ಉಪಾಧ್ಯಾಯರು ವಕೀಲರೊಬ್ಬರ ಸಹಾಯದಿಂದ ಗ್ರಾಹಕರ ಆಯೋಗಕ್ಕೆ ದೂರನ್ನು ಸಿದ್ಧಪಡಿಸುತ್ತಿದ್ದಾರೆ. ನಮ್ಮ ಪತ್ರಿಕೆಯ ಆ ಸಂಚಿಕೆಯನ್ನೂ ಜಾಹೀರಾತಿನ ಮೂಲ ಕಾಗದವನ್ನೂ ಸಾಕ್ಷ್ಯಕ್ಕಾಗಿ ಕೊಡುವುದಾಗಿ ನಾವು ಒಪ್ಪಿದ್ದೇವೆ. ಅವರಲ್ಲಿ ನಾವು ಖಾಸಗಿಯಾಗಿ ಕ್ಷಮೆ ಕೇಳಿದ್ದಾಯಿತು. ಜಾಹೀರಾತು ಬಹಿರಂಗವಾಗಿ ಬಂದಿದ್ದುದರಿಂದ ಕ್ಷಮೆಯನ್ನೂ ಈ ಪುಟದಲ್ಲಿ ಬಹಿರಂಗವಾಗಿ ಕೇಳುತ್ತಿದ್ದೇವೆ.